ಮಲ್ಪೆ ಕಡೆಯ ಹೋಂಸ್ಟೇ ಬುಕಿಂಗ್: ಆ್ಯಪ್, ವೆಬ್‌ಸೈಟ್, ವಾಟ್ಸ್ಆ್ಯಪ್

ದಿನಕ್ಕೆ 2,500 ರೂಪಾಯಿಯ ಒಂದೇ ಕೋಣೆಯನ್ನು ಮೂರೂ ದಾರಿಯಲ್ಲಿ ಕೊಟ್ಟು ನೋಡಿದ್ದೇವೆ. ಆ್ಯಪ್ ಶೇ. 15 ಕಮಿಷನ್ ಹಿಡಿದರೆ 375, ಅದರ ಮೇಲೆ ಶೇ. 18 ಜಿಎಸ್‌ಟಿ 67.50, ಕೈಗೆ ಬರುವುದು 2,057.50. ವೆಬ್‌ಸೈಟಿನಲ್ಲಿ ಆನ್‌ಲೈನ್ ಹಣ ಪಡೆದುಕೊಡುವ ಪೇಮೆಂಟ್ ಗೇಟ್‌ವೇ ಶುಲ್ಕ ಶೇ. 2 ಆದರೆ ತೆರಿಗೆ ಸೇರಿ 59 ಹೋಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಮಾತಾಡಿ ಯುಪಿಐ ಹಾಕಿಸಿಕೊಂಡರೆ ಒಂದು ಪೈಸೆಯೂ ಕಡಿತವಿಲ್ಲ.

ಹಾಗಂತ ಆ್ಯಪ್ ಬಿಡಲಾಗದು. ಡಿಸೆಂಬರ್ ರಜೆಗೆ ಬೆಂಗಳೂರಿನ ಹೊಸ ಮುಖಗಳನ್ನು ತರುವುದು ಅದೇ. ವೆಬ್‌ಸೈಟ್ ತಾನಾಗಿ ಯಾರನ್ನೂ ಕರೆತರುವುದಿಲ್ಲ. ನಾಲ್ಕು ಕೋಣೆಯ ಹೆಂಚಿನ ಮನೆಗೆ ಅದು ಬರೀ ಶೋಕಿ.

ತೊಂದರೆ ಶುರುವಾಗುವುದು ಮಳೆಗಾಲದಲ್ಲಿ. ಸೇಂಟ್ ಮೇರಿಸ್ ದ್ವೀಪಕ್ಕೆ ಆಗ ದೋಣಿ ಇಲ್ಲ. ಆದರೆ ಆ್ಯಪ್‌ನ ಪುಟದಲ್ಲಿ ‘ದ್ವೀಪ ಹತ್ತಿರ’ ಎಂಬ ಸಾಲು ಹನ್ನೆರಡು ತಿಂಗಳೂ ಕೂತಿರುತ್ತದೆ. ಜುಲೈಯಲ್ಲಿ ಬಂದವರು ಕಡಲು ನೋಡಿ ಪೆಚ್ಚಾಗಿ, ಸಿಟ್ಟನ್ನು ಕೋಣೆಯ ರೇಟಿಂಗ್ ಮೇಲೆ ತೀರಿಸುತ್ತಾರೆ. ವಾಟ್ಸ್ಆ್ಯಪ್‌ನಲ್ಲಾದರೆ ‘ದೋಣಿ ಇಲ್ಲ, ನೀರಿಗೆ ಇಳಿಯುವ ಹಾಗಿಲ್ಲ, ಮಳೆ ನೋಡಲು ಬನ್ನಿ’ ಎಂದು ಮೊದಲೇ ಹೇಳಬಹುದು. ಒಪ್ಪಿ ಬಂದವರು ಜಗಲಿಯಲ್ಲಿ ಕೂತು ನೀರುದೋಸೆ ತಿಂದು ಖುಷಿಯಲ್ಲೇ ಹೋಗುತ್ತಾರೆ. ಇನ್ನು ಆ್ಯಪ್‌ಗೆ ಕಡಿತವಾದ ಆ 442.50 ರೂಪಾಯಿ ತುಂಬಿಸಲು ಜನ ಮೊದಲು ಕೈಹಾಕುವುದು ಬೆಡ್‌ಶೀಟ್ ಒಗೆತಕ್ಕೆ, ಆಮೇಲೆ ಗುಡಿಸಲು ಬರುವವರ ಸಂಬಳಕ್ಕೆ. ಗುಣಮಟ್ಟ ಜಾರುವುದೇ ಅಲ್ಲಿ.

ವಾಟ್ಸ್ಆ್ಯಪ್‌ಗೂ ಅದರದ್ದೇ ಕಿರಿಕಿರಿ ಉಂಟು. ಹಣ ಹಾಕಿದ ಸ್ಕ್ರೀನ್‌ಶಾಟ್ ನಕಲಿ ಇರಬಹುದು. ನಿಮ್ಮ ಖಾತೆಗೆ ಜಮೆ ಆದದ್ದು ಕಾಣದೆ ಕೋಣೆ ಖಚಿತ ಎನ್ನಬೇಡಿ. ಮುಂಗಡ ಶೇ. 30ಕ್ಕಿಂತ ಕಡಿಮೆ ಆದರೆ ಬಾರದೆ ಕೈಕೊಡುವವರು ಜಾಸ್ತಿ. ಆ್ಯಪ್‌ನ ಬುಕಿಂಗ್ ಕ್ಯಾಲೆಂಡರನ್ನು ನಿಮ್ಮದಕ್ಕೆ ಲಿಂಕ್ ಮಾಡಿದರೂ ತಾಳೆಯಾಗಲು ಕೆಲವೊಮ್ಮೆ ಗಂಟೆಗಟ್ಟಲೆ ಹಿಡಿಯುತ್ತದೆ, ಅಷ್ಟರಲ್ಲಿ ಒಂದೇ ಕೋಣೆಗೆ ಇಬ್ಬರು. ಅದಕ್ಕೆ ನಾಲ್ಕರಲ್ಲಿ ಎರಡು ಕೋಣೆ ಮಾತ್ರ ಆ್ಯಪ್‌ಗೆ ಬಿಡುವುದು ಸರಿ.

ಯಾವ ದಾರಿಯಲ್ಲಿ ಬಂದರೂ ವಿದೇಶಿ ಅತಿಥಿ ತಂಗಿದ ಮಾಹಿತಿಯನ್ನು ಸರ್ಕಾರಕ್ಕೆ ಕೊಡುವ ಫಾರ್ಮ್ (ಹಿಂದೆ ಸಿ ಫಾರ್ಮ್ ಎನ್ನುತ್ತಿದ್ದದ್ದು) ಬಂದ 24 ಗಂಟೆಯೊಳಗೆ ತುಂಬಬೇಕಾದವರು ಮನೆಯವರೇ.

ಮ್ಯಾಪಿನ ಪಿನ್ ಒಂದು ವಿಷಯ. ಅದನ್ನು ಮನೆಯ ಮಾಡಿನ ಮೇಲೆ ಇಟ್ಟರೆ ಕಾರು ಹಿಂದಿನ ಓಣಿಯಿಂದ ಬಂದು ಪಕ್ಕದವರ ತೆಂಗಿನ ತೋಟದಲ್ಲಿ ಸಿಕ್ಕಿಕೊಳ್ಳುತ್ತದೆ ಮಾರಾಯ್ರೆ! ಡಾಂಬರು ರಸ್ತೆಗೆ ತಾಗಿದ ಗೇಟಿನ ಮುಂದೆ ನಿಂತು ಪಿನ್ ಹಾಕಿ, ಗೇಟಿನ ಫೋಟೋವನ್ನೂ ಸೇರಿಸಿ.