ಪುರಿ ಪ್ರವಾಸಕ್ಕೆ ಜೊತೆಯಾಗಿ ಸಾತಪಡಾ, ಮಂಗಳಾಜೋಡಿ, ಭಿತರಕನಿಕಾ: ನನ್ನ ಓಟು ಯಾವುದಕ್ಕೆ?

ಒಡಿಶಾಗೆ ಹೊರಟವರೆಲ್ಲ ನನ್ನನ್ನು ಕೇಳುವುದು ಒಂದೇ. ದೇವಸ್ಥಾನ ಆಯ್ತು, ಬೀಚ್ ಆಯ್ತು, ಹಕ್ಕಿ ಪ್ರಾಣಿ ನೋಡೋಕೆ ಎಲ್ಲಿಗೆ ಹೋಗೋಣ? ಉತ್ತರ ಮೊದಲೇ ಹೇಳಿಬಿಡುತ್ತೇನೆ. ಚಿಲಿಕಾ ಸರೋವರದ ದಂಡೆಯಲ್ಲಿ ಹಕ್ಕಿ ತೋರಿಸುವ ಊರು ಮಂಗಳಾಜೋಡಿಗೆ ಹೋಗಿ. ಪ್ಯಾಕೇಜ್‌ಗಳಲ್ಲಿ ತಪ್ಪದೆ ಬರುವ, ಡಾಲ್ಫಿನ್ ತೋರಿಸುವ ಸಾತಪಡಾ ಬಿಟ್ಟುಬಿಡಿ. ಮೊಸಳೆಗಳ ಕಾಡು ಭಿತರಕನಿಕಾ ಬಹಳ ಚೆನ್ನಾಗಿದೆ, ಆದರೆ ಅಲ್ಲಿ ರಾತ್ರಿ ಉಳಿಯುವಷ್ಟು ರಜೆ ಇರಬೇಕು. ಮೂರನ್ನೂ ನೋಡಿದ ಮೇಲೆ ಬರೆಯುತ್ತಿದ್ದೇನೆ. ನಮ್ಮದು ಮಂಡಿನೋವಿರುವ ಅಮ್ಮ, ಅಕ್ಕ-ಭಾವ, ಅವರ ಮಗ ಪುಟ್ಟ, ನಾನು, ಇಷ್ಟು ಜನರ ಗುಂಪು. ಎಲ್ಲರೂ ಸಸ್ಯಾಹಾರಿಗಳು. ಖರ್ಚು ಮಧ್ಯಮ. ನಿಮ್ಮದೂ ಇದೇ ತರಹದ ಗುಂಪಾದರೆ ನನ್ನ ಮಾತು ಸರಿಹೊಂದುತ್ತದೆ.

ಮೊದಲು ಉಳಿಯುವ ವಿಷಯ. ಭುವನೇಶ್ವರಕ್ಕಿಂತ ಪುರಿಯಲ್ಲಿ ಉಳಿಯುವುದು ವಾಸಿ. ಎರಡಕ್ಕೂ ನಡುವೆ 60 ಕಿಲೋಮೀಟರ್. ಭುವನೇಶ್ವರದ ಲಿಂಗರಾಜ, ಮುಕ್ತೇಶ್ವರ, ಧೌಲಿಯ ಅಶೋಕನ ಶಾಸನ, ಉದಯಗಿರಿ ಗುಹೆಗಳನ್ನು ಬಂದ ದಿನವೋ ಹೊರಡುವ ದಿನವೋ ನೋಡಿಕೊಳ್ಳಬಹುದು. ಪುರಿಯಲ್ಲಿದ್ದರೆ ಬೆಳಗ್ಗೆ ಎದ್ದು ಸಮುದ್ರಕ್ಕೆ ನಡೆದೇ ಹೋಗಬಹುದು. ಅಲ್ಲಿನ ಗೋಲ್ಡನ್ ಬೀಚ್‌ಗೆ 2020ರಲ್ಲಿ, ಸ್ವಚ್ಛ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅದೇ ಪಟ್ಟಿಯಲ್ಲಿ ನಮ್ಮ ಪಡುಬಿದ್ರಿ, ಕಾಸರಕೋಡು ಕೂಡ ಇದ್ದವು. ಆದರೆ ಅಲೆ ಜೋರು, ಮಕ್ಕಳ ಕೈ ಬಿಡಬೇಡಿ.

ಜಗನ್ನಾಥ ದೇವಸ್ಥಾನಕ್ಕೆ ಮೊಬೈಲ್, ಚರ್ಮದ ಬೆಲ್ಟು, ಪರ್ಸು ಒಯ್ಯುವಂತಿಲ್ಲ. ಹಿಂದೂಗಳಿಗೆ ಮಾತ್ರ ಪ್ರವೇಶ. ದರ್ಶನ ಮಾಡಿಸುತ್ತೇವೆ ಅಂತ ಬರುವವರ ಜೊತೆ ಹೊರಗೇ ಮಾತು ಮುಗಿಸಿಕೊಂಡು ಒಳಗೆ ಹೋಗಿ. ಸಿಂಹದ್ವಾರದ ಎದುರು ನಿಂತಿರುವ ಅರುಣಸ್ತಂಭವನ್ನು ಕೋನಾರ್ಕದಿಂದ ತಂದು ನಿಲ್ಲಿಸಿದ್ದಾರೆ. ಅದನ್ನು ನೋಡಿಕೊಂಡೇ ಕೋನಾರ್ಕಕ್ಕೆ ಹೋದರೆ ಅರ್ಥ ಜಾಸ್ತಿ. ಮಧ್ಯಾಹ್ನದ ನಂತರ ದೇವಸ್ಥಾನದ ಆವರಣದಲ್ಲೇ ಇರುವ ಆನಂದ ಬಜಾರ್‌ನಲ್ಲಿ ಮಹಾಪ್ರಸಾದ ಸಿಗುತ್ತದೆ. ಸೌದೆ ಒಲೆಯ ಮೇಲೆ ಮಣ್ಣಿನ ಮಡಕೆಗಳನ್ನು ಒಂದರ ಮೇಲೊಂದು ಇಟ್ಟು ಬೇಯಿಸಿದ ಅನ್ನ, ದಾಲ್ಮಾ, ಪಲ್ಯ. ಈರುಳ್ಳಿ, ಬೆಳ್ಳುಳ್ಳಿ ಇಲ್ಲ, ಆಲೂಗಡ್ಡೆ, ಟೊಮ್ಯಾಟೊ ಕೂಡ ಇಲ್ಲ. ದಾಲ್ಮಾ ನಮ್ಮ ಕೂಟಿನ ಹತ್ತಿರದ ರುಚಿ. ಅಮ್ಮ ಅಲ್ಲೇ ನೆಲದ ಮೇಲೆ ಕೂತು, ಪಕ್ಕದ ಯಾರೋ ಅಪರಿಚಿತರ ಜೊತೆ ಒಂದೇ ಮಡಕೆಯಿಂದ ಹಂಚಿಕೊಂಡು ಉಂಡರು. ಅಲ್ಲಿ ಎಲ್ಲರೂ ಹಾಗೇ ಉಣ್ಣುತ್ತಾರೆ. ಹೋಟೆಲ್ ಊಟವನ್ನು ಮುಂದಿನ ದಿನಕ್ಕೆ ಇಟ್ಟುಕೊಳ್ಳಿ, ಇದನ್ನು ಮಾತ್ರ ತಪ್ಪಿಸಬೇಡಿ.

ಕೋನಾರ್ಕ ಪುರಿಯಿಂದ 35 ಕಿಲೋಮೀಟರ್, ಸಮುದ್ರದ ಪಕ್ಕದ ದಾರಿ. 13ನೇ ಶತಮಾನದಲ್ಲಿ ಪೂರ್ವ ಗಂಗ ವಂಶದ ಒಂದನೇ ನರಸಿಂಹದೇವ ಕಟ್ಟಿಸಿದ ಸೂರ್ಯನ ಗುಡಿ. 24 ಚಕ್ರ, 7 ಕುದುರೆಯ ರಥ. ಗರ್ಭಗುಡಿ ಬಿದ್ದುಹೋಗಿದೆ. ಮುಂದಿನ ಮಂಟಪ ಕುಸಿಯದಿರಲಿ ಅಂತ ಬ್ರಿಟಿಷರ ಕಾಲದಲ್ಲಿ ಒಳಗೆ ಮರಳು ತುಂಬಿಸಿ ಮುಚ್ಚಿದರು. ಪುಟ್ಟನ ಕೈಗೆ ಹತ್ತು ರೂಪಾಯಿ ನೋಟು, ಐವತ್ತರ ನೋಟು ಎರಡನ್ನೂ ಕೊಟ್ಟೆ. ಹೊಸ ಹತ್ತರ ನೋಟಿನ ಹಿಂದೆ ಕೋನಾರ್ಕ ಇದೆ, ಐವತ್ತರ ಹಿಂದೆ ಹಂಪಿಯ ಕಲ್ಲಿನ ರಥ ಇದೆ. ಅವನು ಚಕ್ರದ ಮುಂದೆ ನೋಟು ಹಿಡಿದು ಕಡ್ಡಿ ಎಣಿಸುತ್ತಾ ನಿಂತುಬಿಟ್ಟ. ಡಿಸೆಂಬರ್ 1ರಿಂದ 5ರವರೆಗೆ ಅಲ್ಲಿ ನೃತ್ಯೋತ್ಸವ ಇರುತ್ತದೆ. ರೂಮು ಆ ದಿನಗಳಲ್ಲಿ ದುಬಾರಿ.

ಈಗ ಮುಖ್ಯ ವಿಷಯ, ಸಾತಪಡಾ.

ಸಾತಪಡಾ ಇರುವುದು ಚಿಲಿಕಾ ಸರೋವರದ ದಂಡೆಯಲ್ಲಿ, ಪುರಿಯಿಂದ ಸುಮಾರು 50 ಕಿಲೋಮೀಟರ್. ಚಿಲಿಕಾ ಸಿಹಿನೀರಿನ ಕೆರೆಯಲ್ಲ. ಒಂದು ಕಡೆಯಿಂದ ನದಿಗಳ ನೀರು, ಇನ್ನೊಂದು ಕಡೆಯಿಂದ ಸಮುದ್ರದ ಉಪ್ಪುನೀರು, ಎರಡೂ ಸೇರುವ ಹಿನ್ನೀರು. 1981ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್‌ಸರ್ ಪಟ್ಟಿ ಸೇರಿತು. ಇಲ್ಲಿ ಇರಾವಡಿ ಡಾಲ್ಫಿನ್‌ಗಳಿವೆ, 150ರ ಆಸುಪಾಸು. ಈ ಡಾಲ್ಫಿನ್‌ಗೆ ಉದ್ದ ಮೂತಿ ಇಲ್ಲ. ಬೋಳು ಗುಂಡುತಲೆ. ಟೀವಿಯಲ್ಲಿ ತೋರಿಸುವ ಹಾಗೆ ಎತ್ತರಕ್ಕೆ ಚಿಮ್ಮುವುದೂ ಇಲ್ಲ. ಉಸಿರಿಗಾಗಿ ಮೇಲೆ ಬಂದು, ಬೆನ್ನು ತೋರಿಸಿ, ಮುಳುಗಿಬಿಡುತ್ತದೆ. ಕಾದು ಕೂರಬೇಕು. ಕಾಯುವುದಕ್ಕೆ ಬಿಟ್ಟರೆ ತಾನೆ!

ಟ್ರಾವೆಲ್ಸ್‌ನವರ ಪ್ಯಾಕೇಜ್‌ನಲ್ಲಿ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದರು. ಮೋಟಾರ್ ದೋಣಿ, ಮೇಲೆ ತಾಡಪಾಲು. ಎಂಜಿನ್ನಿನ ಸದ್ದಿಗೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ದೂರದಲ್ಲಿ ಒಂದು ಬೂದು ಬೆನ್ನು ಕಂಡದ್ದೇ ತಡ, ನಾಲ್ಕೂ ಕಡೆಯಿಂದ ದೋಣಿಗಳು ಅದರ ಮೇಲೇ ನುಗ್ಗಿದವು. ಡಾಲ್ಫಿನ್ ನೀರಿನೊಳಗೆ ದಾರಿ ಹುಡುಕುವುದೇ ಸದ್ದಿನಿಂದ. ಮರಿಯನ್ನು ಜೊತೆಗಿಟ್ಟುಕೊಳ್ಳುವುದೂ ಸದ್ದಿನಿಂದ. ಸುತ್ತ ಇಷ್ಟು ಎಂಜಿನ್ ಗುಡುಗಿದರೆ ಅದಕ್ಕೆ ಏನಾಗಬೇಡ? ದೂರ ನಿಂತು ಎಂಜಿನ್ ಆಫ್ ಮಾಡಿ ಅಂತ ಭಾವ ಹಿಂದಿಯಲ್ಲಿ ಕೇಳಿಕೊಂಡರು. ಹತ್ತಿರದಿಂದ ತೋರಿಸದಿದ್ದರೆ ಜನ ಬೈಯುತ್ತಾರೆ ಸಾರ್ ಅಂದ ದೋಣಿಯವನು. ಅವನ ಮಾತೂ ಸುಳ್ಳಲ್ಲ. ಪಕ್ಕದ ದೋಣಿಯವರು ಇನ್ನೂ ಹತ್ತಿರ ಹೋಗು ಅಂತ ಕಿರುಚುತ್ತಲೇ ಇದ್ದರು. ನಾವು ನೋಡಿದ್ದು ಓಡಿಹೋಗುತ್ತಿದ್ದ ಒಂದೆರಡು ಬೆನ್ನು, ಅಷ್ಟೇ.

ಅದಾದ ಮೇಲೆ ಸಮುದ್ರ ಮತ್ತು ಸರೋವರ ಸೇರುವ ಜಾಗ ತೋರಿಸುತ್ತೇವೆ ಅಂತ ಒಂದು ಮರಳುದಿಬ್ಬಕ್ಕೆ ಇಳಿಸಿದರು. ಜಾಗ ನಿಜಕ್ಕೂ ಚೆನ್ನಾಗಿದೆ, ಆದರೆ ಸಮುದ್ರದ ಕಡೆ ಹೆಜ್ಜೆ ಇಡಲು ಬಿಡಲಿಲ್ಲ. ಇಳಿಯುತ್ತಿದ್ದಂತೆ ಒಬ್ಬಾತ ಪ್ಲಾಸ್ಟಿಕ್ ಬೇಸಿನ್‌ನಲ್ಲಿ ಕೆಂಪು ಏಡಿ ತಂದು ಪುಟ್ಟನ ಮುಂದೆ ಇಟ್ಟ. ಏಡಿಗಳು ಒಂದರ ಮೇಲೊಂದು ಹತ್ತಲು ಒದ್ದಾಡುತ್ತಿದ್ದವು. ಇನ್ನೊಬ್ಬಾತ ಒದ್ದೆ ಚೀಲದಿಂದ ಚಿಪ್ಪು ತೆಗೆದ. ಚಾಕುವಿನ ತುದಿ ಹಾಕಿ ಬಿಡಿಸಿದ. ಒಳಗಿನ ಮಾಂಸವನ್ನು ಬೆರಳಿನಿಂದ ಒತ್ತಿದ. ದುಂಡಗಿನ ಮುತ್ತೊಂದು ಹೊರಗೆ ಬಂತು. ಅಕ್ಕ ಬೆರಗಾದಳು. ಎರಡನೇ ಚಿಪ್ಪು ಬಿಡಿಸಿದ, ಅದರಲ್ಲೂ ಮುತ್ತು. ಮೂರನೆಯದರಲ್ಲೂ ಮುತ್ತು. ಮೂರೂ ಒಂದೇ ಅಳತೆ, ಒಂದೇ ಬಣ್ಣ. ಪ್ರತಿ ಚಿಪ್ಪಿನಲ್ಲೂ ಮುತ್ತಿದ್ದರೆ ಅದಕ್ಕೆ ಬೆಲೆಯೇ ಇರುತ್ತಿರಲಿಲ್ಲ, ಅಲ್ವಾ? ಮೊದಲೇ ಒಳಗೆ ಸೇರಿಸಿಟ್ಟ ಮಣಿ ಅದು. ಸಾವಿರದಿಂದ ಶುರುವಾದ ಬೆಲೆ, ನಾವು ದೋಣಿ ಹತ್ತುವ ಹೊತ್ತಿಗೆ ಇನ್ನೂರಕ್ಕೆ ಇಳಿದಿತ್ತು. ಆಮೇಲೆ ಹವಳ, ಬಣ್ಣದ ಕಲ್ಲು, ಯಾವ ಗ್ರಹಕ್ಕೆ ಯಾವುದು ಅನ್ನುವ ವಿವರಣೆ. ದೋಣಿಯವನು ಬೀಡಿ ಹಚ್ಚಿ ದೂರ ಕೂತಿದ್ದ. ವ್ಯಾಪಾರ ಮುಗಿಯುವವರೆಗೂ ಏಳುವ ಹಾಗೆ ಕಾಣಲಿಲ್ಲ.

ನನಗೆ ಬೇಸರ ಆದದ್ದು ದುಡ್ಡಿಗಲ್ಲ. ನೀರಿನ ಮೇಲೆ ಇದ್ದದ್ದೇ ಬೆರಳೆಣಿಕೆಯ ಗಂಟೆ. ಅದರಲ್ಲಿ ದೊಡ್ಡ ಪಾಲು ಈ ದಿಬ್ಬದ ಮೇಲೇ ಹೋಯಿತು. ಡಿಸೆಂಬರ್‌ನಲ್ಲಿ ಆ ಕಡೆ ಸಂಜೆ ಐದೂಕಾಲರ ಸುಮಾರಿಗೆಲ್ಲ ಸೂರ್ಯ ಮುಳುಗಿಬಿಡುತ್ತಾನೆ. ಬೆಂಗಳೂರಿನ ಲೆಕ್ಕದಲ್ಲಿ ಆರರವರೆಗೆ ಬೆಳಕಿದೆ ಅಂದುಕೊಂಡರೆ ಕೆಟ್ಟಿತು. ವಾಪಸ್ ಬರುವಾಗ ಹಕ್ಕಿಗಳು ಬರೀ ಕಪ್ಪು ಚುಕ್ಕಿಗಳಾಗಿದ್ದವು. ಅಮ್ಮ ಇಡೀ ಹೊತ್ತು ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರು, ಡೀಸೆಲ್ ಹೊಗೆ ಅವರಿಗೆ ಆಗುವುದಿಲ್ಲ.

ಸಾತಪಡಾ ಬಗ್ಗೆ ಒಂದೇ ಒಳ್ಳೆ ಮಾತು: ಅದು ಪುರಿಗೆ ಹತ್ತಿರ, ದಾರಿಯಲ್ಲಿ ಬ್ರಹ್ಮಗಿರಿಯ ಅಲಾರನಾಥ ದೇವಸ್ಥಾನ ಇದೆ. ಅಲ್ಲಿನ ಪಾಯಸ ಹೆಸರುವಾಸಿ.

ಮಂಗಳಾಜೋಡಿಯೂ ಚಿಲಿಕಾದ ದಂಡೆಯದೇ, ಆದರೆ ಉತ್ತರದ ಬದಿ. ಚೆನ್ನೈ-ಕೋಲ್ಕತ್ತ ಹೆದ್ದಾರಿಯಲ್ಲಿ ಟಾಂಗಿ ಅಂತ ಊರು ಬರುತ್ತದೆ, ಅಲ್ಲಿಂದ ಒಳಗೆ ತಿರುಗಬೇಕು. ಭುವನೇಶ್ವರದಿಂದ ಸುಮಾರು 70 ಕಿಲೋಮೀಟರ್. ಇಲ್ಲಿ ಸಮುದ್ರ ಕಾಣುವುದಿಲ್ಲ, ಡಾಲ್ಫಿನ್ ಇಲ್ಲ. ಇರುವುದು ಮೊಣಕಾಲುದ್ದದ ನೀರು, ಜೊಂಡು, ಕೆಸರು, ಮತ್ತು ನಂಬಲಾಗದಷ್ಟು ಹಕ್ಕಿ.

ಒಂದು ಕಾಲದಲ್ಲಿ ಈ ಊರಿನ ಎಷ್ಟೋ ಜನರ ಕಸುಬೇ ಹಕ್ಕಿ ಹಿಡಿದು ಮಾರುವುದಾಗಿತ್ತು. ಸುಮಾರು 2000ದ ಹೊತ್ತಿಗೆ ಅವರೇ ಬದಲಾಗಿ ಕಾವಲಿಗೆ ನಿಂತರು. ಇವತ್ತು ದೋಣಿ ನಡೆಸುವವರು, ಹಕ್ಕಿ ತೋರಿಸುವವರು ಊರಿನವರೇ. ನಮ್ಮ ಕೊಕ್ಕರೆ ಬೆಳ್ಳೂರಿನ ಹಾಗೆ ಇದನ್ನೂ ಊರೇ ಕಾಯುತ್ತಿದೆ. ಹಿಂದೆ ಬಲೆ ಹಾಕಲು ಹಕ್ಕಿಯ ಗುಣ ಕಲಿತವರು ಈಗ ಅದೇ ತಿಳಿವಳಿಕೆಯಿಂದ ನಮಗೆ ತೋರಿಸುತ್ತಾರೆ. ಯಾವ ಹಕ್ಕಿ ಎಷ್ಟು ಹತ್ತಿರದವರೆಗೆ ಸಹಿಸುತ್ತದೆ, ಯಾವುದು ಕತ್ತು ಎತ್ತಿದರೆ ಹಾರುತ್ತದೆ, ಎಲ್ಲ ಗೊತ್ತು.

ಇಲ್ಲಿ ಎಂಜಿನ್ ಇಲ್ಲ. ಹಿಂದೆ ನಿಂತ ದೋಣಿಯಾತ ಉದ್ದದ ಬಿದಿರಿನ ಗಳ ಊರಿ ತಳ್ಳುತ್ತಾನೆ. ಗಳ ಕೆಸರಿಗೆ ಇಳಿಯುವ ಪುಳಕ್ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಾವು ಹೋದಾಗ ಇಬ್ಬನಿ ಇನ್ನೂ ಇತ್ತು. ಬ್ಲ್ಯಾಕ್ ಟೇಲ್ಡ್ ಗಾಡ್‌ವಿಟ್‌ಗಳ ದೊಡ್ಡ ಹಿಂಡು, ಎಲ್ಲವೂ ಒಂದೇ ಸಮನೆ ಉದ್ದ ಕೊಕ್ಕನ್ನು ಕೆಸರಿಗೆ ಹೊಲಿಗೆ ಹಾಕುವ ಹಾಗೆ ಚುಚ್ಚುತ್ತಿದ್ದವು. ಕೊಕ್ಕಿನ ಬುಡ ಗುಲಾಬಿ ಬಣ್ಣ, ತುದಿ ಕಪ್ಪು. ಅದು ಬೈನಾಕ್ಯುಲರ್ ಇಲ್ಲದೆಯೇ ಕಾಣುತ್ತಿತ್ತು, ಅಷ್ಟು ಹತ್ತಿರ. ನೇರಳೆ ಜಂಬುಕೋಳಿಯೊಂದು ಜೊಂಡಿನ ದಂಟನ್ನು ಕಾಲಿನಲ್ಲಿ ಹಿಡಿದು, ಸಿಪ್ಪೆ ಬಿಡಿಸಿ, ಒಳಗಿನ ಬಿಳಿ ತಿರುಳು ತಿನ್ನುತ್ತಿತ್ತು. ಸೂಜಿಬಾಲದ ಬಾತು, ದೇವನಕ್ಕಿ, ಕಪ್ಪುಬಿಳಿ ಮಿಂಚುಳ್ಳಿ, ಪಟ್ಟಿ ದೊಡ್ಡದು. ರಂಗನತಿಟ್ಟು ನೋಡಿ ಬೆಳೆದ ನಮಗೆ ಹಕ್ಕಿ ಹೊಸದಲ್ಲ. ಆದರೆ ರಂಗನತಿಟ್ಟಿನಲ್ಲಿ ತಲೆ ಎತ್ತಿ ಮರ ನೋಡಬೇಕು, ಇಲ್ಲಿ ಹಕ್ಕಿ ನಮ್ಮ ಕಣ್ಣಿನ ಮಟ್ಟದಲ್ಲೇ ಇರುತ್ತದೆ. ಪುಟ್ಟನಂಥ ಪುಟ್ಟ ಕೂಡ ಮಾತಿಲ್ಲದೆ ಕೂತಿದ್ದ.

ಅಮ್ಮನ ಮಂಡಿಗೂ ತೊಂದರೆ ಆಗಲಿಲ್ಲ. ದೋಣಿ ತಗ್ಗು, ಕೈ ಹಿಡಿದು ಇಳಿಸಿದರು. ದೋಣಿಯಲ್ಲಿ ಕಾಲು ಚಾಚಲು ಜಾಗ ಇತ್ತು. ಬಾಡಿಗೆ ಇಡೀ ದೋಣಿಗೆ, ತಲೆಗೆ ಇಷ್ಟು ಅಂತ ಅಲ್ಲ, ಹಾಗಾಗಿ ನಮ್ಮ ಗುಂಪಿಗೆ ಸಾತಪಡಾಗಿಂತ ಅಗ್ಗವೇ ಬಿತ್ತು. ಯಾರೂ ಏನೂ ಮಾರಲು ಬರಲಿಲ್ಲ.

ಕೊರತೆಯೂ ಇದೆ. ಉಳಿಯುವ ಮನೆಗಳು ಸಾದಾ. ಸೊಳ್ಳೆ ಜಾಸ್ತಿ. ಊಟಕ್ಕೆ ಮೀನು ಅಂತಲೇ ಅಂದುಕೊಂಡಿರುತ್ತಾರೆ, ಸಸ್ಯಾಹಾರ ಬೇಕೆಂದು ಹಿಂದಿನ ದಿನವೇ ಫೋನ್ ಮಾಡಿ ಹೇಳಬೇಕು. ಮಾರ್ಚ್ ಮುಗಿದ ಮೇಲೆ ಹೋಗುವುದು ಸುಮ್ನೆ, ವಲಸೆ ಹಕ್ಕಿಗಳು ಹೊರಟುಹೋಗಿರುತ್ತವೆ. ನವೆಂಬರ್‌ನಿಂದ ಫೆಬ್ರವರಿ ಸರಿಯಾದ ಕಾಲ.

ಭಿತರಕನಿಕಾ ಬೇರೆಯದೇ ಲೋಕ. ಕೇಂದ್ರಾಪಡಾ ಜಿಲ್ಲೆಯಲ್ಲಿ ಬ್ರಾಹ್ಮಣಿ, ಬೈತರಣಿ ನದಿಗಳು ಸಮುದ್ರ ಸೇರುವ ಕಡೆ ಇರುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಉಪ್ಪುನೀರಿನ ಮೊಸಳೆಗಳ ರಾಜ್ಯ. ರಂಗನತಿಟ್ಟಿನ ಮೊಸಳೆ ನೋಡಿ ದೊಡ್ಡದು ಅಂದುಕೊಂಡವರು ಇಲ್ಲಿನದನ್ನು ನೋಡಬೇಕು. 1975ರಲ್ಲಿ ಇವುಗಳನ್ನು ಉಳಿಸುವ ಯೋಜನೆ ಶುರುವಾದಾಗ ಬಹಳ ಕಡಿಮೆ ಇದ್ದವು, ಈಗ 1,700ಕ್ಕೂ ಜಾಸ್ತಿ. ನೀರಿಳಿದಾಗ ಕೆಸರಿನ ದಂಡೆಯಲ್ಲಿ ಬಾಯಿ ತೆರೆದು ಮಲಗಿರುತ್ತವೆ. ಡಾಂಗಮಾಲ್‌ನ ಅರಣ್ಯ ಇಲಾಖೆ ಕಾಟೇಜ್‌ಗಳ ಸುತ್ತ ಸಂಜೆ ಜಿಂಕೆಗಳು ಓಡಾಡುತ್ತವೆ.

ಭಾವನ ಓಟು ಇದಕ್ಕೇ. ನನ್ನದು ಯಾಕಲ್ಲ ಅಂದರೆ ಬರೀ ದಾರಿ. ಭುವನೇಶ್ವರದಿಂದ ದೋಣಿ ಹತ್ತುವ ಜಾಗಕ್ಕೆ ಮೂರೂವರೆ ನಾಲ್ಕು ಗಂಟೆ. ಅದೇ ದಿನ ವಾಪಸ್ ಬರುವುದೆಂದರೆ ದಿನವೆಲ್ಲ ಕಾರಿನಲ್ಲೇ. ಪುರಿಯಲ್ಲಿ ಉಳಿದವರಿಗಂತೂ ಇನ್ನೂ ದೂರ. ಇಲ್ಲೂ ಮೋಟಾರ್ ದೋಣಿಯೇ, ಆದರೆ ಕಾಡಿನ ನಿಯಮ ಬಿಗಿ. ಮೊಸಳೆ ಮೊಟ್ಟೆ ಇಡುವ ಮೇ-ಜುಲೈ ತಿಂಗಳುಗಳಲ್ಲಿ ಬಾಗಿಲು ಮುಚ್ಚಿರುತ್ತದೆ. ಜನವರಿಯಲ್ಲೂ ಮೊಸಳೆ ಎಣಿಕೆಗಾಗಿ ಕೆಲವು ದಿನ ಮುಚ್ಚುತ್ತಾರೆ, ಟಿಕೆಟ್ ಮಾಡಿಸುವ ಮೊದಲು ಕೇಳಿಕೊಳ್ಳಿ.

ನಾಲ್ಕು ರಾತ್ರಿ ಇದ್ದರೆ ನಾನು ಹೀಗೆ ಹಂಚುತ್ತೇನೆ: ಬಂದ ದಿನವೇ ಪುರಿಗೆ ಹೋಗಿ ಅಲ್ಲಿ ಮೂರು ರಾತ್ರಿ, ಅದರಲ್ಲೇ ಕೋನಾರ್ಕ. ಕೊನೆಯ ರಾತ್ರಿ ಮಂಗಳಾಜೋಡಿಯಲ್ಲಿ. ಬೆಳಗ್ಗೆ ದೋಣಿ ಮುಗಿಸಿಕೊಂಡು ಲಿಂಗರಾಜನ ದರ್ಶನ ಮಾಡಿ ಸಂಜೆಯ ವಿಮಾನ. ಇನ್ನೂ ಎರಡು ರಾತ್ರಿ ಇದ್ದರೆ ಭಿತರಕನಿಕಾ ಸೇರಿಸಿ, ಮಂಗಳಾಜೋಡಿಯನ್ನು ತೆಗೆದು ಅಲ್ಲ.

ಪ್ಯಾಕೇಜೇ ಬೇಕು ಅನ್ನುವವರು ಸಾತಪಡಾ ತೆಗೆದು ಮಂಗಳಾಜೋಡಿ ಹಾಕಿಕೊಡಿ ಅಂತ ಧೈರ್ಯವಾಗಿ ಕೇಳಿ. ಬೆಳಗ್ಗೆ ಆರೂವರೆಗೇ ದೋಣಿ ಬೇಕು ಅಂತ ಬರೆಸಿಕೊಳ್ಳಿ. ಪುರಿಯಲ್ಲಿ ತಿಂಡಿ ಮುಗಿಸಿ ಹೊರಟರೆ ತಲುಪುವ ಹೊತ್ತಿಗೆ ಬಿಸಿಲು ಏರಿರುತ್ತದೆ, ಹಕ್ಕಿಗಳು ಜೊಂಡಿನೊಳಗೆ ಸೇರಿಕೊಂಡಿರುತ್ತವೆ.