ಸ್ಪ್ಲೈಸ್ ಒಳಗೆ ಹೋಗ್ತಿಲ್ವಾ? ಕತ್ತರಿ ಕೆಳಗಿಡಿ

ಹಳೆಯ ಡಬಲ್ ಬ್ರೇಡ್ ಹಗ್ಗಕ್ಕೆ (ಒಳಗೊಂದು ಹೆಣಿಗೆ ಕೋರ್, ಅದರ ಮೇಲೊಂದು ಹೆಣಿಗೆ ಕವರ್) ಮನೆಯಲ್ಲೇ ಸ್ಪ್ಲೈಸ್ ಹಾಕಲು, ಅಂದರೆ ಗಂಟಿಲ್ಲದೆ ತುದಿಯನ್ನು ಹಗ್ಗದೊಳಗೇ ಹುದುಗಿಸಿ ಕುಣಿಕೆ ಮಾಡಲು ಕೂತಿರುವ ಹಾಯಿದೋಣಿಯವರು ಇದನ್ನು ಓದಿಯೇ ಕೈ ಹಾಕಿ. ನಾನು ಮಾಡಿಕೊಂಡ ಎಡವಟ್ಟು ಇದು.

ದೊಡ್ಡ ಹಾಯಿ ಏರಿಸುವ ಹ್ಯಾಲ್ಯಾರ್ಡ್. 10 ಮಿ.ಮೀ. ಪಾಲಿಯೆಸ್ಟರ್, ಬಿಗಿ ಹೆಣಿಗೆಯದ್ದು. ವರ್ಷಗಟ್ಟಲೆ ಬಿಸಿಲು, ಉಪ್ಪುನೀರು ಕುಡಿದು ಬೆತ್ತದಂತೆ ಸೆಟೆದುಕೊಂಡಿತ್ತು. ತುದಿ ಸವೆದಿದ್ದರಿಂದ ಅಷ್ಟನ್ನು ಕತ್ತರಿಸಿ ಹೊಸ ಕುಣಿಕೆ ಮಾಡಲು ಹೊರಟೆ. ಹೊಸ ಹಗ್ಗಕ್ಕೆ ಎಷ್ಟೋ ಸಲ ಹಾಕಿದ್ದೆ, ಇದೇನು ಮಹಾ ಅನ್ನೋ ಧಿಮಾಕು ಬೇರೆ.

ಶುರು ಸಲೀಸಾಗಿತ್ತು. ಕೋರ್ ಒಳಕ್ಕೆ ಓಡಿಹೋಗದಂತೆ ತುದಿಯಿಂದ ಒಂದೂವರೆ ಮೀಟರ್ ದೂರದಲ್ಲಿ ಜಾರುಗಂಟು ಹಾಕಿದೆ. ಸ್ಪ್ಲೈಸಿನ ಅಳತೆಯಲ್ಲಿ ಒಂದು ಫಿಡ್ ಅಂದರೆ ಹಗ್ಗದ ದಪ್ಪದ 21 ಪಟ್ಟು, ಇಲ್ಲಿ 21 ಸೆಂ.ಮೀ. ಅಳೆದು ಗುರುತು ಮಾಡಿದೆ. ಪೈಜಾಮಕ್ಕೆ ಲಾಡಿ ಪೋಣಿಸಿದ ಹಾಗೆ ಕವರಿನ ಬಾಲವನ್ನು ಕೋರಿನೊಳಗೆ, ಕೋರಿನ ಬಾಲವನ್ನು ಕವರಿನೊಳಗೆ ತೂರಿಸಿದ್ದೂ ಆಯಿತು.

ಆಮೇಲೆ ಶುರುವಾಯಿತು ನೋಡಿ. ಎರಡೂ ಅಡ್ಡಹಾಯುವ ದಪ್ಪ ಜಾಗವನ್ನು ಕವರ್ ನುಂಗಬೇಕಲ್ವಾ, ಅದು ಬಾಯೇ ತೆರೆಯಲಿಲ್ಲ. ಎಳೆದೆ, ತಿರುಚಿದೆ, ಮರದ ಸುತ್ತಿಗೆಯಲ್ಲಿ ಬಡಿದೆ. ಅಂಗೈ ಬೊಬ್ಬೆ ಎದ್ದಿತು. ಇನ್ನೂ ಮೂರು ಬೆರಳಿನಷ್ಟು ಗಂಟುಗಂಟಾಗಿ ಹೊರಗೇ ನಿಂತಿತ್ತು.

ಆಗ ಕತ್ತರಿ ತೆಗೆದುಕೊಂಡೆ. ಕವರಿನ ಬಾಲವನ್ನು ಹೊರಗೆಳೆದು ಅರ್ಧಕ್ಕೆ ಕತ್ತರಿಸಿದೆ, ಎಳೆಗಳನ್ನೂ ಜಾಸ್ತಿ ತೆಗೆದೆ. ತೆಳ್ಳಗಾಯಿತು, ಸರಕ್ಕನೆ ಒಳಗೆ ಹೋಯಿತು. ಕುಣಿಕೆಯ ಕತ್ತಿನ ಬಳಿ ನಾಲ್ಕು ಸುತ್ತು ದಾರ ಬಿಗಿದೆ. ನೋಡಲು ಎಷ್ಟು ಚಂದ ಇತ್ತೆಂದರೆ ಫೋಟೋ ಬೇರೆ ತೆಗೆದುಕೊಂಡೆ.

ಪಾಲಿಯೆಸ್ಟರ್ ಡಬಲ್ ಬ್ರೇಡಿನಲ್ಲಿ ಭಾರವನ್ನು ಕವರ್, ಕೋರ್ ಎರಡೂ ಹೊರುತ್ತವೆ. ಎಳೆತ ಬಿದ್ದಾಗ ಹೊರಗಿನದು ಒಳಗಿನ ಬಾಲವನ್ನು ಹಿಂಡಿ ಹಿಡಿಯುತ್ತದೆ. ಬಾಲವೇ ಮೋಟಾದರೆ ಹಿಡಿಯುವುದು ಏನನ್ನು?

ಮೂರನೇ ದಿನ ಗಾಳಿ ಜೋರಾಗಿತ್ತು. ಹಾಯಿ ಬಿಗಿಸಲು ಹಗ್ಗ ಎಳೆಯುವ ವಿಂಚ್ ತಿರುಗಿಸಿದೆ. ಮೇಲೆ ಟಪ್ ಅಂತ ಸದ್ದು. ಹಾಯಿ ಕುಸಿಯಿತು, ಅದರ ಆಸರೆ ತಪ್ಪಿ ಹಾಯಿಯ ಕೆಳಅಂಚಿನ ಅಡ್ಡಕಂಬ, ಅಂದರೆ ಬೂಮ್, ಕೆಳಗೆ ಬಂತು. ಬೂಮನ್ನು ಎತ್ತಿಹಿಡಿಯುವ ಟಾಪಿಂಗ್ ಲಿಫ್ಟನ್ನು ನಾನೇ ಸಡಿಲ ಬಿಟ್ಟಿದ್ದೆ. ಗೆಳೆಯನ ಭುಜಕ್ಕೆ ಬಡಿಯಿತು, ಗೇಣಿನಷ್ಟು ಆಚೆ ಅವನ ತಲೆ. ಅವನು ಬೈಯಲೂ ಇಲ್ಲ, ಸುಮ್ನೆ ನನ್ನನ್ನೇ ನೋಡಿದ. ಹಾಯಿಗೆ ಹಗ್ಗ ಸಿಕ್ಕಿಸುವ ಲೋಹದ ಕೊಂಡಿ ಶ್ಯಾಕಲ್‌ನಲ್ಲಿ ಮೋಟು ಬಾಲದ ಕುಣಿಕೆ ನೇತಾಡುತ್ತಿತ್ತು. ಉಳಿದ ಹಗ್ಗ ಕಂಬದ ತುದಿಯಲ್ಲಿ ಸಿಕ್ಕಿಕೊಂಡಿತ್ತು.

ಎಡವಿದ್ದು ಎಲ್ಲಿ ಅಂತ ಆಮೇಲೆ ಹೊಳೆಯಿತು. ನಾನು ಕುಣಿಕೆಯ ಪಕ್ಕದ ಒಂದಡಿಯನ್ನೇ ಹಿಂಡುತ್ತಿದ್ದೆ. ಕವರಿನ ಸಡಿಲವನ್ನು ಜಾರುಗಂಟಿನಿಂದಲೇ ಕುಣಿಕೆಯತ್ತ ಸವರಿಕೊಂಡು ಬರಬೇಕು. ಕುಣಿಕೆಯನ್ನು ಗಟ್ಟಿ ಕೊಕ್ಕೆಗೆ ಸಿಕ್ಕಿಸಿ, ಎರಡೂ ಕೈಯಲ್ಲಿ, ಮತ್ತೆ ಮತ್ತೆ. ಹಳೆಯ ಹಗ್ಗವನ್ನು ಮೊದಲೇ ಸಿಹಿನೀರಿನಲ್ಲಿ ನೆನೆಸಿ, ಉಪ್ಪು ಬಿಡಿಸಿಕೊಂಡರೆ ಇನ್ನೂ ಒಳ್ಳೆಯದು. ಬಟ್ಟೆ ಮೆದು ಮಾಡುವ ದ್ರಾವಣ ಸ್ವಲ್ಪ ಬೆರೆಸುವವರೂ ಇದ್ದಾರೆ.

ಇಷ್ಟಾದರೂ ಹೋಗಲಿಲ್ಲವೋ, ಬೌಲೈನ್ ಎಂಬ ಕುಣಿಕೆ ಗಂಟು ಹಾಕಿ. ಗಂಟಿನಿಂದ ಹಗ್ಗದ ಬಲ ಸಾಕಷ್ಟು ಇಳಿಯುತ್ತದೆ ನಿಜ, ಆದರೆ ಪಾಲಿಯೆಸ್ಟರಿನಲ್ಲಿ ಅದು ಹಿಡಿದು ನಿಲ್ಲುತ್ತದೆ. ಡೈನೀಮಾ ಎಂಬ ನಾರಿನ ಹಗ್ಗಕ್ಕೆ ಮಾತ್ರ ಈ ಮಾತು ಬೇಡ, ಅದರ ನುಣುಪಿಗೆ ಗಂಟು ಜಾರುತ್ತದೆ.

ನನ್ನ ಹ್ಯಾಲ್ಯಾರ್ಡಿಗೆ ಈಗ ಬೌಲೈನ್ ಇದೆ. ಚಂದ ಇಲ್ಲ. ಗೆಳೆಯ ದೋಣಿ ಹತ್ತಿದ ಕೂಡಲೇ ಮೊದಲು ಅದನ್ನೇ ಎಳೆದು ನೋಡುತ್ತಾನೆ.