ಶಿವಮೊಗ್ಗದಲ್ಲಿ ಮರೀನ್ ಟ್ಯಾಂಕ್: ಅಂಗಡಿ ಚೆನ್ನಾಗಿದೆ, ಬಟರ್‌ಫ್ಲೈ ಮೀನು ಮಾತ್ರ ಬೇಡ

ಶಿವಮೊಗ್ಗದಲ್ಲೂ ಉಪ್ಪುನೀರಿನ ಮೀನು ಸಿಗುತ್ತದೆ ಅಂದರೆ ನಂಬುವವರು ಕಡಿಮೆ. ಗೋಲ್ಡ್ ಫಿಶ್, ಗಪ್ಪಿ, ಫೈಟರ್ ಬಿಟ್ಟು ಬೇರೇನಾದರೂ ಬೇಕಿದ್ದರೆ ಎಲ್ಲರೂ ಬೆಂಗಳೂರಿನ ಕಡೆ ನೋಡುತ್ತಾರೆ. ಪೇಟೆಯ ಈ ಅಂಗಡಿಯಲ್ಲಿ (ಹೆಸರು ಬೇಡ ಬಿಡಿ) ಒಳಗಡೆ ಮರೀನ್ ಟ್ಯಾಂಕ್‌ಗಳದ್ದೇ ಒಂದು ಸಾಲಿದೆ.

ನೀರು ತಿಳಿಯಾಗಿರುತ್ತದೆ. ಉಪ್ಪಿನಂಶ ಎಷ್ಟಿದೆ ಅಂತ ಕೇಳಿದರೆ ಬಾಯಿಗೆ ಬಂದದ್ದು ಹೇಳುವುದಿಲ್ಲ, ಕಣ್ಣೆದುರೇ ಅಳೆದು ತೋರಿಸುತ್ತಾರೆ. ಕ್ಲೌನ್ ಫಿಶ್ ಬೇಕಿದ್ದವರು ಧೈರ್ಯವಾಗಿ ಹೋಗಿ. ತೊಟ್ಟಿಯಲ್ಲೇ ಮರಿ ಮಾಡಿಸಿದವನ್ನು ತರಿಸುತ್ತಾರೆ, ಅವು ಅಂಗಡಿಯ ಗುಳಿಗೆ ಆಹಾರ ತಿಂದುಕೊಂಡು ಆರಾಮಾಗಿರುತ್ತವೆ. ಯಾರೋ ಒಬ್ಬರು ಜೀವಂತ ಹವಳ (ಸಮುದ್ರದ ತಳದಲ್ಲಿ ಕೊಂಬೆಕೊಂಬೆಯಾಗಿ ಬೆಳೆಯುವ ಜೀವಿ) ಕೇಳಿದಾಗ ಮಾಲೀಕರು ಮುಲಾಜಿಲ್ಲದೆ "ಇಲ್ಲ ಸಾರ್, ಕೇಸಾಗುತ್ತೆ" ಅಂದರು. ಸರಿಯಾಗೇ ಹೇಳಿದರು. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ ಇರುವ ಪಟ್ಟಿಯಲ್ಲೇ ಇವೆ.

ನನ್ನ ತಕರಾರು ಮೂಲೆಯ ಟ್ಯಾಂಕಿನದ್ದು. ಅಲ್ಲಿ ಮೆಲನ್ ಬಟರ್‌ಫ್ಲೈ ಇಟ್ಟಿದ್ದಾರೆ. ಹಳದಿ ಮೈ ಮೇಲೆ ನೀಲಿ ಗೆರೆ, ಕಣ್ಣಿಗೆ ಅಡ್ಡವಾಗಿ ಕಪ್ಪು ಪಟ್ಟಿ. ಯಾರಿಗಾದರೂ ಆಸೆಯಾಗುತ್ತೆ ಅಲ್ವಾ? ಆದರೆ ಸ್ವಲ್ಪ ಹೊತ್ತು ನಿಂತು ನೋಡಿ. ರೆಸಿನ್ನಿನಲ್ಲಿ (ಪ್ಲಾಸ್ಟಿಕ್ ಥರದ್ದು) ಮಾಡಿದ ನಕಲಿ ಹವಳದ ಕೊಂಬೆಗೆ ಮೂತಿ ಚುಚ್ಚುತ್ತದೆ, ಹಿಂದೆ ಸರಿದು ಒಂದೇ ಕಣ್ಣಲ್ಲಿ ನೋಡುತ್ತದೆ, ಪಕ್ಕದ ಕೊಂಬೆಗೆ ಹೋಗಿ ಮತ್ತೆ ಚುಚ್ಚುತ್ತದೆ. ಅಂಗಡಿ ಹುಡುಗ ಹಾಕಿದ ಗುಳಿಗೆಗಳು ಅದರ ಮೂತಿ ಮುಂದೆಯೇ ಇಳಿದು ತಳ ಸೇರುತ್ತವೆ. ಮೀನಿನ ಹೊಟ್ಟೆ ಬತ್ತಿಹೋಗಿದೆ. "ನಿಧಾನಕ್ಕೆ ಎಲ್ಲಾ ತಿನ್ನುತ್ತೆ ಸಾರ್, ಅಭ್ಯಾಸ ಆಗುತ್ತೆ" ಅಂತಾನೆ ಆ ಹುಡುಗ. ಎಲ್ಲಿಂದ ಆಗಬೇಕು ಮಾರಾಯ! ಬಟರ್‌ಫ್ಲೈಗಳಲ್ಲಿ ಹುಳ ತಿನ್ನುವ ಜಾತಿಗಳೂ ಇವೆ, ಇದು ಮಾತ್ರ ಹೆಚ್ಚುಕಡಿಮೆ ಜೀವಂತ ಹವಳವನ್ನೇ ತಿಂದು ಬದುಕುವ ಮೀನು.

ಸಮುದ್ರದಲ್ಲೂ ಇದೇ ಕಥೆ, ತಿನ್ನಲು ಹವಳ ಸಿಗದೆ ಹೋಗುತ್ತಿದೆ. ನೀರು ಬೇಸಿಗೆಯ ಮಾಮೂಲಿ ಬಿಸಿಗಿಂತ ಬರೀ 1 ಡಿಗ್ರಿ ಜಾಸ್ತಿಯಾಗಿ ಕೆಲವು ವಾರ ಹಾಗೇ ನಿಂತರೆ ಸಾಕು, ಹವಳ ತನಗೆ ಆಹಾರ ಮಾಡಿಕೊಡುವ ಒಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗೇ ಆಗಿ ತುಂಬಾ ಹವಳ ಸತ್ತಿತು. ಹವಳ ಸತ್ತ ಕಡೆ ಮೊದಲು ಕಾಣೆಯಾಗುವುದು ಇಂಥ ಮೀನುಗಳೇ. ಆಮೇಲೆ ಹವಳ ತಿನ್ನದವೂ ಕಮ್ಮಿಯಾಗುತ್ತವೆ, ಯಾಕೆಂದರೆ ಎಷ್ಟೋ ಜಾತಿಯ ಮರಿಗಳು ಅಡಗುವುದು ಆ ಕೊಂಬೆಗಳ ಸಂದಿಯಲ್ಲೇ. ಇದೇ ಅಂಗಡಿಯಲ್ಲಿ ಮಕ್ಕಳೆಲ್ಲ ಮುತ್ತಿಕೊಳ್ಳುವ ಬ್ಲೂ ಟ್ಯಾಂಗ್ ಕೂಡ ಚಿಕ್ಕದಿದ್ದಾಗ ಹಾಗೆ ಅಡಗುವ ಮೀನು. ಪಾಪುವಾ ನ್ಯೂಗಿನಿಯ ಕಿಂಬೆ ಕೊಲ್ಲಿಯಲ್ಲಿ ಎಂಟು ವರ್ಷ ಮೀನಿನ ಲೆಕ್ಕ ಇಟ್ಟವರು 2004ರಲ್ಲಿ ಬರೆದರು: ಹವಳ ಹೋದ ಮೇಲೆ 75%ಕ್ಕಿಂತ ಜಾಸ್ತಿ ಜಾತಿಗಳು ಕಮ್ಮಿಯಾದವು, ಅರ್ಧದಷ್ಟು ಜಾತಿಗಳಂತೂ ಮೊದಲಿದ್ದುದರ ಅರ್ಧಕ್ಕಿಂತ ಕೆಳಗಿಳಿದವು. ಮೀನು ಹಿಡಿಯಬಾರದು ಅಂತ ಕಾಪಾಡಿದ್ದ ಜಾಗದಲ್ಲೂ ಇದೇ ಗತಿ.

ಹಾಗಂತ ಮೀನೇ ಇರುವುದಿಲ್ಲ ಅಂತಲ್ಲ. ಸತ್ತ ಹವಳದ ಮೇಲೆ ಪಾಚಿ ಬೆಳೆಯುತ್ತದೆ, ಅದನ್ನು ಕೆರೆದು ತಿನ್ನುವ ಪ್ಯಾರಟ್ ಫಿಶ್ ಥರದವು ಸ್ವಲ್ಪ ಕಾಲ ಜಾಸ್ತಿಯೂ ಆಗಬಹುದು. ನಮ್ಮ ಕಡೆ ಕಾಡು ಕಡಿದು ಅಕೇಶಿಯಾ ಹಾಕಿದ ಗುಡ್ಡದಲ್ಲೂ ಹಸಿರಿದೆ, ಹಕ್ಕಿಯೂ ಕೂರುತ್ತದೆ, ಹಳೇ ಕಾಡಿನ ಮಂಗಟ್ಟೆ ಹಕ್ಕಿ ಎಲ್ಲಿ? ಕೊನೆಗೆ ಸತ್ತ ಕೊಂಬೆಗಳೂ ಮುರಿದು ಪುಡಿಯಾದರೆ ಅಡಗಲು ಸಂದಿಯೂ ಉಳಿಯುವುದಿಲ್ಲ.

ಅಲ್ಲಿ ತಿನ್ನಲು ಸಿಗದೆ ಹೋಗುತ್ತಿರುವ ಮೀನನ್ನು ಹಿಡಿದು ತಂದು ಇಲ್ಲಿ ರೆಸಿನ್ ಮುಂದೆ ಉಪವಾಸ ಕೆಡಹುವುದು ಯಾಕೆ? ಬಟರ್‌ಫ್ಲೈ ನೋಡಲೇಬೇಕು ಅಂತಿದ್ದರೆ ಘಟ್ಟ ಇಳಿದು ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ. ಮಾಲೀಕರಿಗೂ ಹೇಳಿದೆ, ರೇಟಿನ ಚೀಟಿ ಕೆಳಗೆ ಆ ಮೀನು ಏನು ತಿನ್ನುತ್ತದೆ ಅಂತ ಒಂದು ಸಾಲು ಬರೆಸಿ ಅಂತ. "ನೋಡೋಣ ಸಾರ್" ಅಂದರು.

ಅಂಗಡಿಗೆ ನನ್ನ ಅಂಕ 5ಕ್ಕೆ ಮೂರೂವರೆ. ಟ್ಯಾಂಕಿಗೆ ಹಾಕುವ ಉಪ್ಪಿನ ಪ್ಯಾಕೆಟ್ ಯಾವಾಗಲೂ ಇರುತ್ತದೆ, ರೇಟು ಬೆಂಗಳೂರಿಗಿಂತ ಒಂಚೂರು ಜಾಸ್ತಿ. ಭಾನುವಾರ ಸಂಜೆ ಮಾತ್ರ ಹೋಗಬೇಡಿ. ಸುಮ್ನೆ ನೋಡಲು ಬಂದವರದೇ ಗುಂಪು, ಏನು ಕೇಳಿದರೂ ಉತ್ತರ ಸಿಗಲ್ಲ.